ದೊಡ್ಡಪ್ಪನ ಜೇನು ಪುಸ್ತಕ

“ಪುಸ್ತಕದಲ್ಲಿ ಹೀಗೆ ಬರೆದಿಲ್ಲವಲ್ಲ” ಎಂದೋ ಏನೋ ಅಂದಿದ್ದರು ದೊಡ್ಡಪ್ಪ, ಖಾಲಿ ಜೇನುಪೆಟ್ಟಿಗೆಯ ಮುಂದೆ ನಿಂತು. ಇವತ್ತು ಡಬ್ಲಿನ್ನಿನ ಲೈಬ್ರರಿಯಲ್ಲಿ ಮಗಳಿಗೆ ಜೇನುಹುಳುಗಳ ಚಿತ್ರಪುಸ್ತಕ ಓದುತ್ತಿದ್ದಾಗ ಅದು ನೆನಪಾಯಿತು.

ಮಂಡ್ಯದ ಮನೆಯ ಹಿತ್ತಿಲಲ್ಲಿ ಅವರು ಜೇನು ಸಾಕಿದ್ದು ಕೈಪಿಡಿ ನೋಡಿಕೊಂಡು. ಮೇಣ ಅಂಟಿದ ಪುಟಗಳನ್ನು ಉಗುರಿನಿಂದ ಬಿಡಿಸಿ, ಪೆಟ್ಟಿಗೆಯ ಮುಂದೆ ಗಟ್ಟಿಯಾಗಿ ಓದುತ್ತಿದ್ದರು. “ಹುಳಕ್ಕೂ ಪಾಠ ಹೇಳ್ತಿದ್ದೀರಾ ಮೇಷ್ಟ್ರೇ?” ಎಂದು ದೊಡ್ಡಮ್ಮ ನಗುತ್ತಿದ್ದರು. ಒಂದು ಬೆಳಿಗ್ಗೆ ನೋಡಿದರೆ ಜೇನು ಹಾರಿಹೋಗಿತ್ತು. ದೊಡ್ಡಪ್ಪ ಪೆಟ್ಟಿಗೆ ಒರೆಸಿ, ಒಳಗೆ ಸಕ್ಕರೆ ನೀರಿಟ್ಟು, ಪುಸ್ತಕ ಮಡಿಲಲ್ಲಿಟ್ಟುಕೊಂಡು ಕಾಯುತ್ತಾ ಕೂತರು. ಅಷ್ಟರಲ್ಲಿ ನನ್ನ ರಜೆ ಮುಗಿಯಿತು.

ಮಗಳ ಪುಸ್ತಕದ ಕೊನೆಯ ಪುಟದಲ್ಲಿ ಹುಳುಗಳೆಲ್ಲ ಗೂಡಿಗೆ ಮರಳುತ್ತವೆ. “ರಿಯಲಿ?” ಎಂದಳು. ಗೊತ್ತಿಲ್ಲ ಎಂದೆ. ದೊಡ್ಡಪ್ಪ, ನಿಮ್ಮ ಜೇನು ಮತ್ತೆ ಬಂತಾ?