ಹಂಡೆಯ ಒಲೆಗೆ ಹಾಕಿದ ಗೊಬ್ಬೆಮ್ಮ

ನಮ್ಮ ಕೊಟ್ಟಿಗೆಯ ಹಿಂಗೋಡೆಯ ಮೇಲೆ ಬೆರಣಿ ತಟ್ಟಿ ತಟ್ಟಿ ಉಳಿದ ದುಂಡನೆಯ ಕಲೆಗಳಿವೆ. ಒಂದರ ಮೇಲೊಂದು ಬಿದ್ದು, ಎಷ್ಟು ವರ್ಷದ್ದು ಎಂದು ಹೇಳುವಂತಿಲ್ಲ. ಹೆಚ್ಚಿನವು ನನ್ನ ಎದೆಯ ಎತ್ತರಕ್ಕಿವೆ, ಅತ್ತೆಯ ಕೈಗೆ ಸುಲಭವಾಗಿ ಎಟುಕುವಷ್ಟು. ಎಡಮೂಲೆಯಲ್ಲಿ ಮಾತ್ರ ಕೆಲವು ತೀರ ಕೆಳಗಿವೆ, ನನ್ನ ಸೊಂಟಕ್ಕೂ ಕೆಳಗೆ. ನಾನು ಬರೆಯಲು ಕುಳಿತಿರುವುದು ಆ ಕೆಳಗಿನವುಗಳ ವಿಷಯ.

ನಾನು ಹುಟ್ಟಿ ಬೆಳೆದದ್ದು ಚಾಂಪಿಯನ್ ರೀಫ್ಸಿನ ಲೈನ್ ಮನೆಯಲ್ಲಿ. ಅಪ್ಪ ಅಲ್ಲಿನ ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದರು. ಮೊದಲು ಸೀಮೆಎಣ್ಣೆ ಸ್ಟವ್, ಆಮೇಲೆ ಗ್ಯಾಸು. ಸಗಣಿ ಎಂದರೆ ನಮಗೆ ದಾರಿಯಲ್ಲಿ ಕಂಡರೆ ದಾಟಿಕೊಂಡು ಹೋಗುವ ವಸ್ತು, ಅಷ್ಟೆ. ಮದುವೆಯಾಗಿ ಬೂದಿಕೋಟೆ ಕಡೆಯ ಈ ಹಳ್ಳಿಗೆ ಬಂದೆ. ಇಲ್ಲಿ ನಾಲ್ಕು ಹಸು, ಎರಡು ಎಕರೆ ರಾಗಿ, ಅವರೆ. ಗಂಡ ಎರಡು ಹೊತ್ತೂ ಡೈರಿಗೆ ಹಾಲು ಹಾಕಿ ಹೊಲ ನೋಡಿಕೊಳ್ಳುತ್ತಾರೆ. ನಾನು ಬಂಗಾರಪೇಟೆಯ ಒಂದು ಮೆಡಿಕಲ್ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದೆ. ಬೆಳಿಗ್ಗೆ ಬಸ್ಸು ಹತ್ತಿದರೆ ಮನೆ ಸೇರುವುದು ದೀಪ ಹಚ್ಚುವ ಹೊತ್ತಿಗೆ. ಮಗಳೂ ಮಗನೂ ಬೆಳೆದದ್ದು ಅತ್ತೆಯ ಮಡಿಲಲ್ಲಿ. ಈ ಕಡೆಯ ರೂಢಿಯಂತೆ ಮಕ್ಕಳು ಅಜ್ಜಿಯನ್ನು ಅವ್ವ ಎಂದು ಕರೆಯುತ್ತಿದ್ದರು.

ಅತ್ತೆಗೆ ಸುಮ್ಮನೆ ಕುಳಿತು ಗೊತ್ತಿರಲಿಲ್ಲ. ಕುಂಬಳದ ಎಲೆಯ ದಂಟಿನಲ್ಲಿ ಪೀಪಿ, ರಾಗಿಹುಲ್ಲಿನಲ್ಲಿ ಎತ್ತು, ಅವರೆಕಾಯಿಗೆ ಪೊರಕೆಕಡ್ಡಿ ಚುಚ್ಚಿ ಪುಟ್ಟ ತೇರು. ಸಂಜೆ ನಾನು ಬರುವಷ್ಟರಲ್ಲಿ ಜಗಲಿಯ ತುಂಬ ಇಂಥವೇ ಬಿದ್ದಿರುತ್ತಿದ್ದವು. ನಾನು ಚಪ್ಪಲಿ ಬಿಟ್ಟ ಕೂಡಲೇ ಪೊರಕೆ ಹಿಡಿಯುತ್ತಿದ್ದೆ. ಆ ಎತ್ತುಗಳನ್ನು ಎಷ್ಟು ಸಲ ಗುಡಿಸಿ ತಿಪ್ಪೆಗೆ ಹಾಕಿದೆನೋ. ಮರುದಿನ ಅತ್ತೆ ಮತ್ತೆ ಮಾಡುತ್ತಿದ್ದರು. ಯಾಕೆ ಬಿಸಾಡಿದೆ ಎಂದು ಒಮ್ಮೆಯೂ ಕೇಳಲಿಲ್ಲ.

ಸಂಕ್ರಾಂತಿಗೆ ಗೊಬ್ಬೆಮ್ಮ. ತೆಲುಗು ಸೀಮೆ ಹತ್ತಿರವಾದ್ದರಿಂದ ನಮ್ಮ ಹಳ್ಳಿಗಳಲ್ಲಿ ಈ ಪದ್ಧತಿಯಿದೆ. ಬೆಳಿಗ್ಗೆ ಅಂಗಳ ಸಾರಿಸಿ, ರಂಗೋಲಿ ಬಿಟ್ಟು, ನಡುವೆ ಸಗಣಿಯ ಉಂಡೆಗಳನ್ನಿಟ್ಟು, ಅರಿಶಿನ ಕುಂಕುಮ ಹಚ್ಚಿ, ಒಂದೊಂದರ ತಲೆಗೂ ಕುಂಬಳದ ಹೂವನ್ನೋ ಸೇವಂತಿಗೆಯನ್ನೋ ಸಿಕ್ಕಿಸುತ್ತಾರೆ. ಅವೇ ಗೊಬ್ಬೆಮ್ಮ, ಗೌರಿಯ ಲೆಕ್ಕ. ಸಂಜೆ ಹೂವು ತೆಗೆದು ಉಂಡೆಗಳನ್ನು ಗೋಡೆಗೆ ತಟ್ಟುತ್ತಾರೆ. ಒಣಗಿದ ಆ ಬೆರಣಿಯನ್ನು ಬೇರೆ ಯಾವುದಕ್ಕೂ ಉರಿಸುವಂತಿಲ್ಲ. ರಥಸಪ್ತಮಿಯ ದಿನ ತುಳಸಿಕಟ್ಟೆಯ ಮುಂದೆ ಮೂರು ಕಲ್ಲು ಹೂಡಿ, ಆ ಬೆರಣಿಯ ಬೆಂಕಿಯಲ್ಲೇ ಹಾಲು ಉಕ್ಕಿಸಿ, ಹೊಸ ಅಕ್ಕಿಯ ಪಾಯಸ ಮಾಡಿ, ಅವರೆ ಎಲೆಯ ಮೇಲಿಟ್ಟು ಸೂರ್ಯನಿಗೆ ತೋರಿಸಬೇಕು. ಇದನ್ನು ಅತ್ತೆ ಪ್ರತಿ ವರ್ಷವೂ ನನಗೆ ಹೇಳುತ್ತಿದ್ದರು. ಹಾಗಾಗಿ ಗೊತ್ತಿರಲಿಲ್ಲ ಎಂದು ನಾನು ಹೇಳುವಂತಿಲ್ಲ.

ಮಗಳಿಗೆ ಏಳು ವರ್ಷವಾದಾಗ ಶಾಲೆಯ ಮಿಸ್ಸು ಡೈರಿಯಲ್ಲಿ ಬರೆದು ಕಳಿಸಿದ್ದರು, ಮಗುವಿನ ಉಗುರಿನಲ್ಲಿ ಕೊಳೆ ಇರುತ್ತದೆ, ಗಮನಿಸಿ ಎಂದು. ನನಗೆ ಅವಮಾನವಾಯಿತು. ಮೆಡಿಕಲ್ ಅಂಗಡಿಯಲ್ಲಿ ನಿಂತು ದಿನಕ್ಕೆ ಹತ್ತು ಜನಕ್ಕೆ ಹುಳದ ಮಾತ್ರೆ ಕೊಡುವವಳ ಮಗಳ ಉಗುರು! ಸಂಕ್ರಾಂತಿಗೆ ಇನ್ನು ವಾರವಿತ್ತು. ಅತ್ತೆ ಅವರೆಕಾಳು ಹಿಸುಕುತ್ತಾ ಕುಳಿತಿದ್ದರು.

"ಅತ್ತೆ, ಈ ಸಲ ಗೊಬ್ಬೆಮ್ಮ ನೀವೊಬ್ರೇ ಮಾಡ್ಕೊಳಿ. ಇವಳ ಕೈಗೆ ಸಗಣಿ ಮುಟ್ಟಿಸ್ಬೇಡಿ."

"ಯಾಕವ್ವ? ಓದ್ ವರ್ಸ ಊವ ಸಿಗ್ಸಿದ್ಲಲ್ಲ. ಈ ವರ್ಸ ತಟ್ಟೋದು ಕಲುಸ್ತೀನಿ ಅಂದಿದ್ದೆ."

"ಹುಳ ಆಗ್ತವೆ. ಮಿಸ್ಸು ಬೈದವ್ರೆ."

"ಮಾತ್ರೆ ಮಾರೋಳ್ಗೆ ಎಲ್ಲಾ ಕಡೆ ಉಳಾನೇ ಕಾಣ್ಸೋದು ಬುಡು," ಎಂದು ನಕ್ಕರು. "ನಿನ್ ಗಂಡ ಸಗ್ಣಿ ಗುಂಡೀಲೇ ಬಿದ್ದೆದ್ದು ಬೆಳ್ದೋನು. ಅವುನ್ಗೆ ಏನಾಗೈತೆ? ಮದ್ವೆ ಆಗಿದ್ದೊಂದು ಬುಟ್ರೆ."

ಬೇರೆ ದಿನವಾಗಿದ್ದರೆ ನಾನೂ ನಗುತ್ತಿದ್ದೆ. ಅಂದು ನಗಲಿಲ್ಲ. "ನನ್ ಮಗಳು ಸಗಣಿ ತಟ್ಟೋದು ಕಲೀಬೇಕಾಗಿಲ್ಲ" ಎಂದೆ. ಅತ್ತೆ ಕಾಳಿನ ಮೊರ ಸರಿಸಿಕೊಂಡು, "ಆಯ್ತು ತಾಯಿ, ನಿನ್ ಮಗ್ಳು" ಎಂದರು. ಮಗಳು ಬಾಗಿಲ ಹತ್ತಿರವೇ ನಿಂತಿದ್ದಳು.

ಹಬ್ಬದ ದಿನ ಮಧ್ಯಾಹ್ನದ ತನಕ ನನಗೆ ರಜೆ. ಅತ್ತೆ ಒಬ್ಬರೇ ಒಂಬತ್ತು ಗೊಬ್ಬೆಮ್ಮ ಮಾಡಿ ಇಟ್ಟರು. ಮಗಳು ಹೊಸ ಲಂಗ ಹಾಕಿಕೊಂಡು ಮೆಟ್ಟಿಲ ಮೇಲೆ ಕೈ ಕಟ್ಟಿ ಕುಳಿತಿದ್ದಳು. ಊಟ ಮಾಡಿ ನಾನು ಅಂಗಡಿಗೆ ಹೋದೆ. ಸಂಜೆ ಬಂದಾಗ ಅವಳ ಕೈಯಿಂದ ಸೋಪಿನ ವಾಸನೆ ಘಮ್ಮೆನ್ನುತ್ತಿತ್ತು. ನನ್ನ ಮಾತು ನಾಟಿತು ಎಂದುಕೊಂಡೆ. ಕೊಟ್ಟಿಗೆಯ ಹಿಂದೆ ಬಟ್ಟೆ ತೆಗೆಯಲು ಹೋದಾಗ, ಈ ಸಲದ ಬೆರಣಿಗಳು ಎಡಮೂಲೆಯಲ್ಲಿ ಅಷ್ಟು ಕೆಳಗಿರುವುದು ಕಣ್ಣಿಗೆ ಬಿತ್ತು. ಪಾಪ, ಅತ್ತೆಗೆ ತೋಳು ನೋಯುತ್ತಿರಬೇಕು ಎಂದುಕೊಂಡು ಬಟ್ಟೆ ಎತ್ತಿಕೊಂಡು ಒಳಗೆ ಬಂದೆ.

ಅದಾಗಿ ಎಂಟನೆಯ ದಿನ. ನಾನು ಬಸ್ಸಿಗೆ ಹೊರಟಿದ್ದೆ. ಅತ್ತೆ ಹಾಲಿನ ಚೆಂಬು ಹಿಡಿದು ಕೊಟ್ಟಿಗೆಯಿಂದಲೇ ಕೂಗಿದರು.

"ಅಮ್ಮಯ್ಯ, ಆ ಗೋಡೆತಾವ ಒಂದು ಮಂಕ್ರಿ ಅಡ್ಡ ಇಟ್ಟೋಗು. ಕೋಳಿ ಕೆದುರ್ತಾವೆ, ಕೆಳಿಕಿದ್ದಾವಲ್ಲ."

"ಬಸ್ಸು ಬಂತು ಅತ್ತೆ, ಸಾಯಂಕಾಲ ಇಡ್ತೀನಿ."

ಬಸ್ಸು ಇನ್ನೂ ಬಂದಿರಲಿಲ್ಲ. ಹತ್ತು ನಿಮಿಷ ನಿಲ್ದಾಣದಲ್ಲಿ ನಿಂತಿದ್ದೆ.

ಹನ್ನೊಂದು ಗಂಟೆಗೆ ಗಂಡ ಫೋನು ಮಾಡಿದರು. ಹಾಲು ಕರೆದು ಎದ್ದ ಅತ್ತೆ ಎದೆ ಹಿಡಿದುಕೊಂಡು ಕುಳಿತರಂತೆ. ಆಟೋದಲ್ಲಿ ಬಂಗಾರಪೇಟೆಗೆ ಕರೆತರುವಾಗ ದಾರಿಯಲ್ಲೇ ಹೋಗಿಬಿಟ್ಟರು. ನಾನು ಅಂಗಡಿಯಿಂದ ಓಡಿ ಹೋದಾಗ ಅದೇ ಆಟೋ ಊರಿನ ಕಡೆಗೆ ತಿರುಗಿ ನಿಂತಿತ್ತು.

ಮರುದಿನ ಮಧ್ಯಾಹ್ನ ದಹನ. ಗುಡ್ಡೆ ಹಾಕಿದ್ದ ಬೆರಣಿಯನ್ನೆಲ್ಲ ಬೆಳಿಗ್ಗೆಯೇ ಟ್ರ್ಯಾಕ್ಟರಿಗೆ ತುಂಬಿ ಸುಡುಗಾಡಿಗೆ ಒಯ್ದಿದ್ದರು. ಮಕ್ಕಳನ್ನು ಪಕ್ಕದ ಮನೆಯಲ್ಲಿ ಬಿಟ್ಟಿದ್ದೆವು. ಹೋದವರು ಬಂದು ತಲೆಗೆ ನೀರು ಹಾಕಿಕೊಳ್ಳಬೇಕು. ಪುಷ್ಯದ ಚಳಿ, ವಯಸ್ಸಾದವರೇ ಹೆಚ್ಚು. ಗಂಡನ ಸೋದರತ್ತೆ ಹಿತ್ತಲಿನಿಂದ ಕೂಗು ಹಾಕಿದರು.

"ಅಂಡೆ ತಣ್ಗೆ ಐತಲ್ರವ್ವಾ! ಗಂಡುಸ್ರು ಕೆರೆ ಏರಿ ದಾಟುದ್ರಂತೆ. ಯಾರಾದ್ರೂ ಒಲೆಗ್ ಉರಿ ಹಾಕ್ರಮ್ಮಿ!"

ನಾನೇ ಎದ್ದೆ. ಮನೆಯ ಸೊಸೆ ಕುಳಿತೇ ಇದ್ದಳು ಎನ್ನಬಾರದು ಎಂಬುದೂ ಮನಸ್ಸಿನಲ್ಲಿತ್ತು. ಸೌದೆ ಹಸಿಯಿತ್ತು, ಎಷ್ಟು ಊದಿದರೂ ಹತ್ತಲಿಲ್ಲ. ಬೆರಣಿ ಹುಡುಕಿಕೊಂಡು ಕೊಟ್ಟಿಗೆಯ ಹಿಂದಕ್ಕೆ ಹೋದೆ. ಗೋಡೆಯ ಮೇಲೆ ಒಂಬತ್ತು ಇದ್ದವು. ಅವು ಯಾವುವು ಎಂದು ನನಗೆ ತಿಳಿದಿತ್ತು. ಮಾಡಿದವರೇ ಹೋದರು, ಇನ್ನು ಯಾವ ರಥಸಪ್ತಮಿ, ಸಗಣಿ ಸಗಣಿಯೇ ಎಂದುಕೊಂಡೆ. ಕುಡುಗೋಲಿನ ಹಿಂಬದಿಯಿಂದ ಎಬ್ಬಿಸಿದೆ. ಒಂದೊಂದಾಗಿ ಪಟಪಟನೆ ಬಿದ್ದವು. ಮಂಕರಿಗೆ ತುಂಬಿಕೊಂಡು ಬಂದು ಒಲೆಗೆ ತುರುಕಿದೆ. ಹಿಂದಿನ ದಿನ ಬೆಳಿಗ್ಗೆ ಅತ್ತೆ ಅಡ್ಡ ಇಡು ಎಂದಿದ್ದ ಮಂಕರಿ ಅದು.

ಪೂರ್ತಿ ಒಣಗಿರಲಿಲ್ಲ, ಬಹಳ ಹೊಗೆಯಾಯಿತು. ಕಣ್ಣು ಬಿಡಲಾಗದಷ್ಟು ನೀರು ಸುರಿಯಿತು. "ಸೊಸೆ ಎಷ್ಟು ಅಳ್ತಾ ಅವ್ಳೆ ನೋಡು" ಎಂದು ಯಾರೋ ಹಿಂದೆ ಹೇಳಿದ್ದು ಕೇಳಿಸಿತು. ನಾನು ಇನ್ನೂ ಅತ್ತಿರಲಿಲ್ಲ.

ಸಂಜೆ ನೆಂಟರು ಕರಗಿದ ಮೇಲೆ ಮಕ್ಕಳನ್ನು ಕರೆತಂದೆವು. ಮಗಳು ಒಳಗೆ ಬರಲಿಲ್ಲ. ನೇರವಾಗಿ ಕೊಟ್ಟಿಗೆಯ ಹಿಂದಕ್ಕೆ ಹೋದಳು. ಹುಡುಕಿಕೊಂಡು ಹೋದರೆ ಗೋಡೆಯ ಮುಂದೆ ನಿಂತಿದ್ದಳು.

"ಅಮ್ಮ, ಗೊಬ್ಬೆಮ್ಮ ಎಲ್ಲೋದ್ವು?"

"ಒಲೆಗೆ ಹಾಕ್ದೆ ಕಣೆ. ನೀರು ಕಾಯಿಸ್ಬೇಕಿತ್ತು."

"ಎಲ್ಲಾನೂ?"

"ಹೂಂ."

"ನಂದೂ?"

"ನಿಂದ್ಯಾವ್ದೇ?"

ಅವಳು ಬಗ್ಗಿ, ಎಲ್ಲಕ್ಕಿಂತ ಕೆಳಗಿನ ಕಲೆಯ ಮೇಲೆ ಬೆರಳಿಟ್ಟಳು. ಆಮೇಲೆ ಮೆಲ್ಲಗೆ, ಎಲ್ಲಿ ಬೈಯುತ್ತೇನೋ ಎಂಬಂತೆ ನನ್ನ ಮುಖ ನೋಡಿ ಹೇಳಿದಳು. "ಅವ್ವ ಅಡೀಲಿ ಕೈ ಇಟ್ಟಿತ್ತು. ನಾನು ಮೇಲೆ ಒತ್ತಿದ್ದೆ. ಆಮೇಲೆ ಮೂರು ಸಲ ಸೋಪು ಹಾಕಿ ತೊಳ್ಕೊಂಡೆ ಅಮ್ಮ. ನಿಜ. ನೋಡ್ಲಿಲ್ವಾ, ಅದ್ರಲ್ಲಿ ನನ್ ಕೈ ಇತ್ತಲ್ಲ?"

ನಾನು ನೋಡಿರಲಿಲ್ಲ. ಒಂಬತ್ತನ್ನೂ ಕೈಯಲ್ಲಿ ಹಿಡಿದಿದ್ದೆ, ಒಂದನ್ನೂ ತಿರುಗಿಸಿ ನೋಡಿರಲಿಲ್ಲ. ಅತ್ತೆಯ ಐದು ಬೆರಳು ಎಂಟರ ಮೇಲೆ ಇದ್ದಿರಬೇಕು. ಒಂಬತ್ತನೆಯದರ ಮೇಲೆ ಮಗಳದ್ದು. ನಮ್ಮ ಮನೆಯಲ್ಲಿ ಅತ್ತೆಯ ಫೋಟೋ ಎಂದರೆ ಆಧಾರ್ ಕಾರ್ಡಿನದೊಂದೇ. ಕೈಯ ಗುರುತು ಎಂಟು ಇದ್ದವು.

ಆಗ ನಾನು ಅತ್ತುಬಿಟ್ಟೆ. ಗೋಡೆಗೆ ಹಣೆಯಿಟ್ಟು ಅತ್ತೆ. ಮಗಳು ನನ್ನ ಸೀರೆ ಹಿಡಿದುಕೊಂಡು, "ಬುಡಮ್ಮ, ಬುಡಮ್ಮ" ಎಂದು ಥೇಟು ಅಜ್ಜಿಯ ಧಾಟಿಯಲ್ಲೇ ಹೇಳಿದಳು.

ತಿಥಿಯ ದಿನ ಸೋದರತ್ತೆಗೆ ಇದನ್ನು ಹೇಳಿದೆ. "ಎಂಗಿದ್ರೂ ಸುಡೋವೇ ಅಲ್ವೇನಮ್ಮಿ? ಇನ್ನೊಂದ್ ವಾರಕ್ಕೆ ಸುಡೋವು ಅವತ್ತೇ ಸುಟ್ವು. ಅದ್ಕ್ಯಾಕ್ ಸಂಕ್ಟ?" ಎಂದರು. ಅವರು ಹೇಳಿದ್ದರಲ್ಲಿ ತಪ್ಪಿಲ್ಲ. ಆದರೂ ಹಾಲಿಗೆ ಎಂದು ಮಾಡಿದ್ದು ಹೆಣ ಸುಟ್ಟು ಬಂದವರ ನೀರಿಗೆ ಹೋಯಿತು. ರಥಸಪ್ತಮಿಯ ದಿನ ಬೆಂಕಿಗೆ ಇಡುವ ಮೊದಲು ಮಗಳು ತನ್ನದನ್ನು ಅಜ್ಜಿಗೆ ತೋರಿಸುತ್ತಿದ್ದಳು, ಅಜ್ಜಿ ಏನೋ ತಮಾಷೆ ಮಾಡುತ್ತಿದ್ದರು. ಆ ಬೆಳಿಗ್ಗೆಯನ್ನು ನಾನು ಅವರಿಬ್ಬರಿಂದ ಮೊದಲೇ ಕಿತ್ತುಕೊಂಡಿದ್ದೆ, ಉಗುರಿನ ನೆಪ ಹೇಳಿ. ಸಾವು ಕಿತ್ತುಕೊಂಡದ್ದು ಆಮೇಲೆ.

ಸಾವಾದ ಮನೆಯಲ್ಲಿ ವರ್ಷ ತುಂಬದೆ ಹಬ್ಬವಿಲ್ಲ. ಮುಂದಿನ ಸಂಕ್ರಾಂತಿಗೆ ಇನ್ನೂ ಎಂಟು ದಿನ ಕಡಿಮೆಯಿತ್ತು, ಅಂಗಳ ಖಾಲಿಯೇ ಉಳಿಯಿತು.

ಈ ವರ್ಷ ಮಾಡಿದೆ. ಮಗಳಿಗೆ ಒಂಬತ್ತು, ಮಗನಿಗೆ ಐದು. ಅಂಗಡಿಗೆ ಮೊದಲೇ ಹೇಳಿ ಮೂರು ದಿನ ರಜೆ ಹಾಕಿದ್ದೆ. ಅಷ್ಟು ವರ್ಷ ನೋಡಿಯೂ ನನ್ನ ಉಂಡೆ ನಿಲ್ಲಲಿಲ್ಲ, ಹೂವಿನ ಭಾರಕ್ಕೇ ಕುಸಿಯಿತು. ಮಗಳು ಮೆಟ್ಟಿಲ ಮೇಲಿಂದಲೇ ಹೇಳಿದಳು.

"ನೀರು ಜಾಸ್ತಿ ಆಗೈತೆ. ವಸಿ ರಾಗಿಹೊಟ್ಟು ಹಾಕು. ಅಂಗಲ್ಲಮ್ಮ, ಅಂಗೈಲಿ ಉರುಳ್ಸು."

"ನೀನೇ ಬಂದು ಮಾಡೇ. ನಾನು ಏನೂ ಅನ್ನಲ್ಲ."

"ನಂಗ್ ಬ್ಯಾಡ."

ಕೋಪದಿಂದ ಹೇಳಲಿಲ್ಲ. ನಿಜವಾಗಿಯೂ ಬೇಡವಾಗಿತ್ತು. ಮಗ ಮಾತ್ರ ಮೊಣಕೈವರೆಗೆ ಸಗಣಿ ಮಾಡಿಕೊಂಡು ಕುಣಿದ. ಸಂಜೆ ಗೋಡೆಗೆ ತಟ್ಟುವಾಗ ಅವನ ಕೈ ಹಿಡಿದು ಒಂದರ ಮೇಲೆ ಒತ್ತಿಸಿದೆ. ಮಗಳು ದೂರದಿಂದ ನೋಡಿದಳು. ಅವಳ ಕೈಯನ್ನೂ ಹಿಡಿದು ಎಳೆಯಬೇಕು ಎನಿಸಿತು. ಎಳೆದಿದ್ದರೂ ಮೂಡುತ್ತಿದ್ದದ್ದು ಒಂಬತ್ತು ವರ್ಷದವಳ ಕೈ. ಆ ಏಳು ವರ್ಷದ ಕೈ ಈಗ ಅವಳ ಹತ್ತಿರವೂ ಇಲ್ಲ.

ರಥಸಪ್ತಮಿಯ ಬೆಳಿಗ್ಗೆ ತುಳಸಿಕಟ್ಟೆಯ ಮುಂದೆ ಕಲ್ಲು ಹೂಡಿ ಬೆರಣಿ ಜೋಡಿಸಿದೆ. ಮಗನದ್ದನ್ನು ಮಾತ್ರ ಪಕ್ಕಕ್ಕೆ ಇಟ್ಟುಕೊಂಡೆ, ಉಳಿಸೋಣ ಎಂದು. ಮಗಳು ಹಾಲಿನ ಪಾತ್ರೆ ತಂದವಳು ಅದನ್ನು ನೋಡಿದಳು.

"ಅದನ್ನ ಯಾಕೆ ಎತ್ತಿಟ್ಟೆ? ಅದೇ ಮೊದ್ಲು ಇಡ್ಬೇಕು."

"ಯಾರೇ ಹೇಳಿದ್ದು?"

"ಅವ್ವ. ಚಿಕ್ಕೋರ ಕೈದು ಮೊದ್ಲು ಹತ್ತುಸ್ಬೇಕಂತೆ, ಆವಾಗ ಆಲು ಮೂಡಲಕ್ಕೆ ಉಕ್ತದಂತೆ. ನಂದು ಫಸ್ಟು ಇಡ್ತೀನಿ ಅಂದಿತ್ತು."

ಮಗನ ಬೆರಣಿಯನ್ನು ಎತ್ತಿಕೊಂಡೆ. ಒಲೆಗೆ ಇಡುವ ಮೊದಲು ಈ ಸಲ ತಿರುಗಿಸಿ, ಬಿಸಿಲಿಗೆ ಹಿಡಿದು ನೋಡಿದೆ. ನಾಲ್ಕು ಬೆರಳು ಚೆನ್ನಾಗಿ ಬಿದ್ದಿದ್ದವು, ಕಿರುಬೆರಳು ಅರ್ಧ ಮಾತ್ರ. ಹೆಬ್ಬೆರಳಿನ ಹತ್ತಿರ ಒಂದು ಹುಲ್ಲಿನ ಎಳೆ ಅಡ್ಡ ಸಿಕ್ಕಿಕೊಂಡಿತ್ತು.

ಮಗಳದ್ದು ಹೇಗಿತ್ತೋ, ನನಗೆ ಗೊತ್ತಿಲ್ಲ.