ಕುಲಾವಿಯಿಂದ ಉರುಳಿದ ತೋಟಾಗಳು

ನಮ್ಮೂರು ಐನ್ ಖರ್ರೂಬಿನಲ್ಲಿ ಭಾನುವಾರದ ಹಂದಿ ಬೇಟೆಗೆ ಯಾರು ಎಲ್ಲಿ ನಿಲ್ಲಬೇಕೆಂದು ಹೇಳುವವರು ಹಮ್ಮಾದಿ. ಒರತೆಯ ಮೇಲಿನ ಬಂಡೆಯ ಹೆಸರು ಬಂದಾಗ ಮಾತ್ರ ಅವರು ಏನೂ ಹೇಳದೆ ಮುಂದಕ್ಕೆ ಹೋಗುತ್ತಿದ್ದರು. ಆ ಜಾಗ ಇಪ್ಪತ್ತೆಂಟು ಚಳಿಗಾಲಗಳಿಂದ ನಮ್ಮ ಮಾವ ಬೂಜಮಾ ಅವರದು. ಕಾಡು ಸೋವುವವರು ಆಚೆ ಕಣಿವೆಯಿಂದ ಡಬ್ಬ ಬಡಿಯುತ್ತ, ನಾಯಿ ಛೂ ಬಿಡುತ್ತ ಬಂದರೆ ಹಂದಿಗಳು ಕೊನೆಗೆ ನುಗ್ಗುವುದು ಅಲ್ಲಿಗೇ. ಅಲ್ಲಿ ತಪ್ಪಿಸಿಕೊಂಡರೆ ಕೆಳಗೆ ನಮ್ಮೆಲ್ಲರ ಆಲೂಗಡ್ಡೆ ಹೊಲ. ಹಂದಿಯನ್ನು ನಾವು ತಿನ್ನುವವರಲ್ಲ. ಆದರೆ ತಡೆಯದಿದ್ದರೆ ನಮಗೆ ತಿನ್ನಲು ಏನೂ ಉಳಿಯುವುದಿಲ್ಲ. ನೆಟ್ಟ ಗಡ್ಡೆಯನ್ನು ಸಾಲು ಹಿಡಿದು ಮೂತಿಯಿಂದ ಎತ್ತಿಹಾಕುತ್ತವೆ, ಯಾರೋ ಕೂಲಿ ಕೊಟ್ಟು ಅಗೆಸಿದ ಹಾಗೆ.

ಮಾವ ಕಾರ್ಕ್ ಮರದ ತೊಗಟೆ ಸುಲಿಯುವವರು. ನಲವತ್ತು ಬೇಸಿಗೆ ಕೊಡಲಿ ಹಿಡಿದಿದ್ದಾರೆ. ತೊಗಟೆ ಬಿಡಬೇಕು, ಒಳಗಿನ ಮರಕ್ಕೆ ಗೀರೂ ಬೀಳಬಾರದು. ಬಿದ್ದರೆ ಆ ಮರ ಇನ್ನು ತೊಗಟೆ ಕಟ್ಟುವುದಿಲ್ಲ. ಆ ಎಚ್ಚರ ಅವರ ಮಾತಿಗೂ ಬಂದಿದೆ ಅನ್ನಿಸುತ್ತದೆ ನನಗೆ. ಮದುವೆಯಾಗಿ ಬಂದ ಮೊದಲ ತಿಂಗಳು ನಾನು ಉದುರುದುರಾಗಿರಬೇಕಾದ ಗೋಧಿರವೆಯ ಕುಸ್‌ಕುಸನ್ನು ಮುದ್ದೆ ಮಾಡಿ ಇಟ್ಟಾಗ, ಅತ್ತೆ ಮಬ್ರೂಕಾ ಬಾಯಿ ತೆರೆಯುವ ಮೊದಲೇ ಮಾವ ತಟ್ಟೆ ಖಾಲಿ ಮಾಡಿ ಎದ್ದಿದ್ದರು.

ಆ ಭಾನುವಾರ ನಡೆದದ್ದು ಇಷ್ಟು. ನಮ್ಮ ಕಡೆ ಗಂಡಸರು ಚಳಿಗೆ ಹಾಕುವ ದಪ್ಪ ಉಣ್ಣೆಯ ಕಶಾಬಿಯ ಬೆನ್ನಿಗೆ ಒಂದು ಕುಲಾವಿ ಜೋತಾಡುತ್ತಿರುತ್ತದೆ. ತಲೆಗೆ ಏರಿಸುವುದಕ್ಕಿಂತ ಅದು ಚೀಲವಾಗಿಯೇ ಹೆಚ್ಚು ಬಳಕೆ. ಸಂತೆಯ ರೊಟ್ಟಿ, ಬೇಯಿಸಿದ ಮೊಟ್ಟೆ, ಒಮ್ಮೆ ಮಾವ ಆಗತಾನೆ ಹುಟ್ಟಿದ ಕುರಿಮರಿಯನ್ನೂ ಅದರಲ್ಲಿ ಹಾಕಿಕೊಂಡು ಬಂದಿದ್ದರು. ಅಂದು ಅವರು ಉಳಿದ ಐದು ತೋಟಾಗಳನ್ನು ಅದರಲ್ಲೇ ಇಟ್ಟುಕೊಂಡಿದ್ದರು. ಹಂದಿಗೆ ಬೇಕಾದ ಒಂಟಿ ಗುಂಡಿನ ತೋಟಾ, ಸುಲಭಕ್ಕೆ ಸಿಗುವುದಲ್ಲ. ಜೋಡು ನಳಿಗೆಯ ಬಂದೂಕಿನಲ್ಲಿ ಎರಡು ತುಂಬಿತ್ತು. ಡಬ್ಬದ ಸದ್ದು ಹತ್ತಿರ ಬಂತು, ಮಳೆಯೂ ಬಂತು. ಎಂದಿನ ಅಭ್ಯಾಸದಲ್ಲಿ ಮಾವ ಕುಲಾವಿ ಎಳೆದು ತಲೆಗೆ ಹಾಕಿಕೊಂಡರು. ಐದೂ ತೋಟಾ ನೆತ್ತಿಯ ಮೇಲಿಂದ, ಮೂಗಿನ ಮುಂದಿಂದ ಉರುಳಿ, ಬಂಡೆಯಿಂದ ಜಾರಿ ಜರೀಗಿಡದ ಪೊದೆಗೆ ಹೋದವು. ಅಷ್ಟರಲ್ಲಿ ಹಂದಿಗಳು ಬಂದೇಬಿಟ್ಟವು. ಇದ್ದ ಎರಡು ಈಡೂ ಗಾಬರಿಯಲ್ಲಿ ಮಣ್ಣಿಗೆ ಹೋದವು. ಮಾವ ಪೊದೆಯಲ್ಲಿ ಮೊಣಕಾಲೂರಿ ತೋಟಾ ಹುಡುಕುತ್ತಿದ್ದಾಗ ತಾಯಿಹಂದಿ ಆರು ಮರಿಗಳ ಜೊತೆ ಅವರ ಪಕ್ಕದಲ್ಲೇ ಇಳಿದು ಹೋಯಿತಂತೆ.

ಪಕ್ಕದ ಜಾಗದಲ್ಲಿ ನಿಂತಿದ್ದವನು ಶಾದ್ಲಿ. ಹಮ್ಮಾದಿಯ ಅಣ್ಣನ ಮಗ, ಮೂವತ್ತರ ಹುಡುಗ, ಬಾಯಿಗೆ ಬೀಗವಿಲ್ಲ. ಅವನು ಹೇಳಿದ್ದು ನಮ್ಮ ಮನೆಗೆ ಮಾವನಿಗಿಂತ ಮೊದಲು ತಲುಪಿತ್ತು. ಚಹಾ ಅಂಗಡಿಯಲ್ಲಿ ಎಲ್ಲರೆದುರು ಕೇಳಿದನಂತೆ:

"ಬೂಜಮಾ ಕಾಕಾ, ಕಾವು ಕೊಡೋಕೆ ಇಟ್ಟಿದ್ರಾ ತೋಟಾನ? ಇನ್ನೊಂದು ವಾರ ಬಿಟ್ಟಿದ್ರೆ ಮರಿ ಆಗಿರೋದು."

ಮಾರನೆಯ ಬೆಳಿಗ್ಗೆ ಮೂರು ಮನೆಗಳ ಹೊಲ ಹಾಳಾಗಿತ್ತು, ನಮ್ಮದೂ ಸೇರಿ. ಮಧ್ಯಾಹ್ನ ಹಮ್ಮಾದಿಯೇ ಬಂದರು. ಇಬ್ಬರೂ ಒಂದೇ ವಾರಿಗೆಯವರು, ಒಟ್ಟಿಗೆ ಸುನ್ನತಿಯಾದವರು. ಎರಡು ಲೋಟ ಚಹಾ ಕುಡಿಯುವ ತನಕ ಮಳೆ, ಮೇಕೆ, ರಸ್ತೆಯ ಗುಂಡಿಗಳ ಮಾತಾಡಿದರು. ಮೂರನೆಯ ಲೋಟಕ್ಕೆ ವಿಷಯಕ್ಕೆ ಬಂದರು. ಬೇಟೆಯ ದಿನ ಬೆಂಕಿಯ ಹತ್ತಿರ ಕೂತು ಎಲ್ಲರಿಗೂ ಚಹಾ ಕಾಸಲು ಒಬ್ಬ ಹಿರಿಯ ಬೇಕು, ಅದೂ ಗೌರವದ ಕೆಲಸವೇ, ಒರತೆಯ ಬಂಡೆಗೆ ಶಾದ್ಲಿ ನಿಂತರಾಯಿತು ಎಂದರು. ಮಾವ ಲೋಟ ಕೆಳಗಿಟ್ಟರು.

"ಇನ್ನೊಂದು ಭಾನುವಾರ ಕೊಡು ಹಮ್ಮಾದಿ. ಆಮೇಲೆ ನೀನು ಹೇಳಿದ ಕಡೆ ಕೂರ್ತೀನಿ."

ಹಮ್ಮಾದಿ ಆಗಲೆಂದು ತಲೆಯಾಡಿಸಿ ಎದ್ದರು.

ನನಗೆ ಅರ್ಥವಾಗದೇ ಇದ್ದದ್ದು ಒಂದೇ. ಮಾವನ ಬಳಿ ಅವರಪ್ಪನ ಕಾಲದ ಚರ್ಮದ ತೋಟಾಪಟ್ಟಿ ಇದೆ. ಪ್ರತಿ ಶನಿವಾರ ಅದಕ್ಕೆ ಆಲಿವ್ ಎಣ್ಣೆ ಒರೆಸುತ್ತಾರೆ. ಅದನ್ನು ಮೊಳೆಯಲ್ಲೇ ಬಿಟ್ಟು ತೋಟಾಗಳನ್ನು ಕುಲಾವಿಯಲ್ಲಿ ಯಾಕೆ ಇಟ್ಟುಕೊಂಡರು?

ಉತ್ತರ ಕೊಟ್ಟವಳು ನನ್ನ ಮಗಳು ಯುಸ್ರಾ. ಅವಳಿಗೆ ಎಂಟು ತಿಂಗಳು. ನಾನು ಒಲೆಯ ಮುಂದಿದ್ದೆ, ಅವಳ ಅಂಗಿಯ ಕತ್ತಿನ ಗುಂಡಿ ಬಿಚ್ಚಿಕೊಂಡಿತ್ತು, ಹಾಕಿಬಿಡಿ ಮಾವ ಎಂದೆ. ಅವರು ಹಾಕಲು ಹೋದರು. ಹೆಬ್ಬೆರಳು ತೋರುಬೆರಳು ಒಂದನ್ನೊಂದು ಮುಟ್ಟಿದರೂ ಗುಂಡಿ ಅವುಗಳ ನಡುವೆ ನಿಲ್ಲಲಿಲ್ಲ. ಮೂರು ಸಲ ಜಾರಿತು. ಆಮೇಲೆ ಅವರು ಶಾಲಿನ ಅಂಚನ್ನು ಅವಳ ಕತ್ತಿಗೆ ಸುತ್ತಿ, ಗುಂಡಿ ಹಾಕಿದವರಂತೆ ನನ್ನ ಕೈಗೆ ಕೊಟ್ಟರು. ಆ ಬೆರಳ ಗಿಣ್ಣುಗಳು ಕಾಡಿನ ಬೇರಿನ ಹಾಗೆ ಊದಿಕೊಂಡಿದ್ದನ್ನು ನಾನು ದಿನವೂ ನೋಡಿದ್ದೆ, ನೋಡಿರಲಿಲ್ಲ. ಹಳೆಯ ಚರ್ಮದ ಗೂಡಿನಿಂದ ತೋಟಾ ಚಿವುಟಿ ಎಳೆಯುವ ಬಲ ಅವಕ್ಕಿಲ್ಲ. ಕೈ ಚಾಚಿದರೆ ಸಾಕು ಸಿಗಲಿ ಎಂದು ಕುಲಾವಿಗೆ ಹಾಕಿಕೊಂಡಿದ್ದರು. ಯಾರಿಗೂ ಹೇಳಿರಲಿಲ್ಲ.

ನಾನೂ ಹೇಳಲಿಲ್ಲ. ಮಗುವಿನ ಲಸಿಕೆಯ ದಿನ ಗುರುತು ಹಾಕುವ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದುಕೊಂಡೆ: ಚಿವುಟುವುದು ಆಗುವುದಿಲ್ಲ. ಏನು ಆಗುತ್ತದೆ?

ಮಂಗಳವಾರ ಅಂಜುತ್ತಲೇ ಮಾತು ತೆಗೆದೆ. ಪಟ್ಟಿಯನ್ನು ನಾನು ಸ್ವಲ್ಪ ಸಡಿಲ ಮಾಡಿ ಹೊಲಿದು ಕೊಡಲಾ ಎಂದೆ. ಅವರು ನನ್ನ ಮುಖ ನೋಡಿದರು, ಆಮೇಲೆ ತಮ್ಮ ಕೈ ನೋಡಿಕೊಂಡರು. ಸಡಿಲವಾದರೆ ಬಂಡೆ ಹತ್ತುವಾಗಲೇ ಬಿದ್ದುಹೋಗುತ್ತವೆ ಎಂದರು. ಬೇಡ ಎನ್ನಲಿಲ್ಲ. ಅಲ್ಲಿಂದ ನಾವಿಬ್ಬರೂ ಅದನ್ನೇ ಹಿಡಿದು ಕೂತೆವು. ಜೀವಂತ ತೋಟಾಗಳನ್ನು ಬೀರುವಿನ ಮೇಲಿಟ್ಟು, ಹೊಡೆದು ಖಾಲಿಯಾದವುಗಳಲ್ಲೇ ಪರೀಕ್ಷೆ ಮಾಡಬೇಕೆಂದು ನಾನು ಷರತ್ತು ಹಾಕಿದೆ. ಯುಸ್ರಾಳಿಗೆ ಹೊಳೆಯುವುದೆಲ್ಲ ಬಾಯಿಗೇ ಬೇಕು.

ಮಾವ ನಳಿಗೆ ಬಾಗಿಸಿ ತೆರೆದ ಬಂದೂಕನ್ನು ಮೊಣಕಾಲ ಮೇಲಿಟ್ಟುಕೊಂಡು ತುಂಬುವರು, ನಾನು ಮಗುವನ್ನು ತಟ್ಟುತ್ತ ಎಣಿಸುವೆ. ತೋಟಾಪಟ್ಟಿಯಿಂದ ತೆಗೆದು ತುಂಬಲು ಇಪ್ಪತ್ತೆರಡು ಎಣಿಕೆಯಾಯಿತು, ಅದೂ ಪಟ್ಟಿ ಕಶಾಬಿಯ ಒಳಗಿರುವುದರಿಂದ ಮೊದಲು ಅಂಗಿ ಎತ್ತಬೇಕು. ಜೇಬಿನಿಂದ ಹದಿನೈದು. ಆದರೆ ಜೇಬಿನಲ್ಲಿ ಹೊಗೆಸೊಪ್ಪಿನ ಡಬ್ಬಿ, ಚಾಕು, ಹಕ್ಕಿಗೆ ಹೊಡೆಯುವ ಚರೆಯ ತೋಟಾ ಎಲ್ಲವೂ ಕಲೆತಿರುತ್ತವೆ. ಹಂದಿಯ ಮುಂದೆ ಚರೆ ತುಂಬಿ ನಿಂತವನ ಕಥೆ ನಮ್ಮೂರಲ್ಲಿ ಇದೆ. ಅವನ ಕುಂಟುಕಾಲೂ ಇದೆ. ಹೆಗಲ ಚೀಲ ಬಗ್ಗಿದರೆ ಮುಂದಕ್ಕೆ ಬಂದು ನಳಿಗೆಗೆ ಬಡಿಯುತ್ತದೆ, ಆ ಸದ್ದಿಗೆ ಹಂದಿ ದಿಕ್ಕು ಬದಲಿಸುತ್ತದೆ. ಎಡಗೈ ಬೆರಳ ಸಂದಿಯಲ್ಲೇ ಎರಡು ತೋಟಾ ಸಿಕ್ಕಿಸಿಕೊಂಡು ನಿಲ್ಲುವುದು ಮಾವನ ಯೌವನದ ಉಪಾಯ. ಅದನ್ನು ಅವರು ಒಮ್ಮೆ ಮಾಡಿ ನೋಡಿ, ಬಿದ್ದ ತೋಟಾವನ್ನು ತಾವೇ ಎತ್ತಿಕೊಂಡರು. ತೋಟಾ ಸಿಕ್ಕಿಸಿಡಲು ಶಾದ್ಲಿ ತನ್ನ ಬಂದೂಕಿನ ಹಿಡಿಗೆ ಸುತ್ತಿರುವ ರಬ್ಬರ್ ಪಟ್ಟಿಯ ಮಾತನ್ನು ನಾನು ಎತ್ತಿದೆ. ಮಾವ ಸರಿಯಾಗಿ ಆಗಲೇ ನಳಿಗೆಯೊಳಗೆ ಊದಿ ನೋಡತೊಡಗಿದರು.

ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ಮಾವ ಸೊಸೆ ಸೇರಿ ದಂಡಯಾತ್ರೆ ಹೊರಟ್ರಿ. ಇಲ್ಲಿ ಬಟಾಣಿ ಸುಲಿಯೋಕೆ ಜನ ಇಲ್ಲ," ಎಂದು ಬುಟ್ಟಿಯನ್ನು ನಮ್ಮಿಬ್ಬರ ನಡುವೆ ಕುಕ್ಕಿದರು.

ಸುಲಿಯುತ್ತ ಕೂತೆವು. ನನ್ನ ಬಟ್ಟಲಿಗಿಂತ ಮಾವನ ಬಟ್ಟಲು ಬೇಗ ತುಂಬುತ್ತಿತ್ತು. ನಾನು ಸುಲಿಯುವುದು ಬಿಟ್ಟು ಅವರ ಕೈಯನ್ನೇ ನೋಡಿದೆ. ಚಿವುಟುತ್ತಿರಲಿಲ್ಲ. ಸಿಪ್ಪೆಯ ಒಂದು ತುದಿಗೆ ಹೆಬ್ಬೆರಳ ಬುಡದಿಂದ ಒತ್ತಿದರೆ ಕಾಳು ತಾನಾಗಿ ಅಂಗೈಗೆ ಬೀಳುತ್ತಿತ್ತು.

"ಮಾವ, ತೋಟಾನ ಎಳೀಬೇಡಿ. ಮೇಲಿಂದ ಒತ್ತಿ, ಕೆಳಗೆ ಬೀಳಲಿ," ಎಂದೆ.

ಅವರು ಒಂದು ಬಟಾಣಿ ಕಾಯನ್ನು ಎದೆಯ ಮೇಲೆ ನಿಲ್ಲಿಸಿ ಹಿಡಿದು, ಒತ್ತಿ ನೋಡಿದರು. ಬುಟ್ಟಿ ಬಿಟ್ಟು ಎದ್ದು ಕೊಟ್ಟಿಗೆಗೆ ಹೋದರು. ಬರುವಾಗ ಕೈಯಲ್ಲಿ ಅಂಗೈದಪ್ಪದ ಕಾರ್ಕ್ ತೊಗಟೆಯ ತುಂಡಿತ್ತು. ಮರದ ಮೊದಲ ಸುಲಿತದ್ದು ಗಂಡು, ಒರಟು, ಪುಡಿಯಾಗುತ್ತದೆ. ಆಮೇಲಿನದು ಹೆಣ್ಣು, ನಯ. ಇದು ಹೆಣ್ಣು. ನೀರು ಕುಡಿಯುವುದಿಲ್ಲ, ಊದುವುದಿಲ್ಲ, ಸದ್ದು ಮಾಡುವುದಿಲ್ಲ ಎಂದು ಅವರು ಹೇಳಿದಾಗ ಅತ್ತೆ, ಹಾಗಾದ್ರೆ ಅದು ಹೆಣ್ಣಲ್ಲ ಬಿಡಿ, ಎಂದರು. ಮಾವ ನಕ್ಕಿದ್ದು ಆ ವಾರದಲ್ಲಿ ಅದೇ ಮೊದಲು.

ಕಾದ ಕಂಬಿಯಿಂದ ಮೇಲಿಂದ ಕೆಳಕ್ಕೆ ಎರಡು ತೂತು ಸುಟ್ಟರು, ದುಂಡು ಅರದಿಂದ ಉಜ್ಜಿದರು. ಕಂಬಿಯನ್ನು ಎರಡೂ ಅಂಗೈ ನಡುವೆ ಹಿಡಿದು ತಿರುಗಿಸುತ್ತಿದ್ದರು, ಬೆರಳಿನ ಹಂಗಿಲ್ಲದೆ. ತೋಟಾ ತಲೆ ಮೇಲಾಗಿ, ಹಿತ್ತಾಳೆಯ ಬುಡ ಕೆಳಗಾಗಿ ಕೂರಬೇಕು. ನಾನು ಆ ತುಂಡನ್ನು ಕಶಾಬಿಯ ಎಡ ಎದೆಗೆ, ಬೆನ್ನಿಗೆ ಮಗು ಕಟ್ಟಿಕೊಂಡಾಗ ನನ್ನ ಶಾಲಿನ ಗಂಟು ಬರುವ ಜಾಗಕ್ಕೆ ಹೊಲಿದೆ. ಆ ಗಂಟಿಗೆ ಕೈ ಹೋಗಲು ಕಣ್ಣು ಬೇಕಾಗುವುದಿಲ್ಲ ಎಂದು ನನಗೆ ಗೊತ್ತು. ಐದು ತೂತು ಮಾಡೋಣ ಎಂದು ಅವರಿಗಿತ್ತು. ಎರಡು ಸಾಕೆಂದೆ. ಒಂದು ಗಳಿಗೆ ಯೋಚಿಸಿ ಒಪ್ಪಿದರು. ಎರಡಾದ ಮೇಲೆ ಹಂದಿ ಯಾರಿಗೂ ಕಾಯುವುದಿಲ್ಲ. ಉಳಿದ ಮೂರು ತೋಟಾ, ನಾನೇ ಗುಂಡಿ ಹಾಕಿ ಮುಚ್ಚುವ ಜೇಬಿಗೆ, ಚರೆಯದು ಮನೆಯಲ್ಲೇ. ಶನಿವಾರದ ಹೊತ್ತಿಗೆ ಎಣಿಕೆ ಏಳಕ್ಕೆ ಇಳಿದಿತ್ತು.

ಭಾನುವಾರ ಬೆಳಿಗ್ಗೆ ನಮ್ಮ ಬಾಗಿಲ ಮುಂದೆಯೇ ಎಲ್ಲರೂ ಹಾದುಹೋದರು. ಶಾದ್ಲಿ ಮಾವನ ಎದೆ ನೋಡಿ ನಿಂತ.

"ಇದೇನ್ ಕಾಕಾ, ಬಾಟ್ಲಿ ಬಿರಡೆ ಕಟ್ಕೊಂಡಿದೀರಿ. ಒರತೆಗೆ ಬಿದ್ರೆ ತೇಲೋಕಾ?"

"ಹೂಂ. ನೀನು ಬಿದ್ರೆ ನಂದು ಹಿಡ್ಕೋ," ಎಂದು ಮಾವ ನಡೆದರು. ಬಂಡೆಗೆ ಅವರೇ ಹೋದರು. ಅದು ಕೊನೆಯ ಸಲವೋ ಅಲ್ಲವೋ ಎಂದುಕೊಳ್ಳುತ್ತ ನಾನು ಹೊಸಿಲಲ್ಲಿ ಮಗುವಿಗೆ ಹಾಲು ಕೊಡುತ್ತ ಕೂತೆ. ಒರತೆ ನಮ್ಮ ಮನೆಯ ನೆತ್ತಿಯ ಮೇಲೇ ಇದೆ, ಮಂಜಿನಿಂದ ಕಾಣುವುದಿಲ್ಲ, ಕೇಳುತ್ತದೆ. ಮಾವನ ಹಳೆಯ ಬಂದೂಕಿನ ಸದ್ದು ಬೇರೆ. ಬಾವಿಗೆ ಕಲ್ಲು ಹಾಕಿದಂತೆ ತುಂಬಿಕೊಂಡು ಬರುತ್ತದೆ.

ಡಬ್ಬಗಳು ಹತ್ತಿರ ಬಂದವು. ನಾಯಿಗಳು ಬೊಗಳಿದವು. ಎರಡು ಈಡು, ಒಂದರ ಹಿಂದೆ ಒಂದು. ಮಾವನದೇ.

ಎಣಿಸಲು ಶುರು ಮಾಡಿದೆ. ಒಳಗೆ ಹಿಟ್ಟು ನಾದುತ್ತಿದ್ದ ಅತ್ತೆಯ ಕೈ ನಿಂತಿತು. ಐದು, ಆರು. ಏಳಕ್ಕೆ ಏನೂ ಆಗಲಿಲ್ಲ. ಎಂಟು. ತೂತು ಬಿಗಿಯಾಯಿತೋ, ತೋಟಾ ಜರೀಗಿಡಕ್ಕೆ ಬಿತ್ತೋ. ಒಂಬತ್ತು. ಯುಸ್ರಾ ಹಾಲು ಬಿಟ್ಟು ನನ್ನ ಮುಖ ನೋಡಿದಳು. ಹತ್ತು. ಹನ್ನೊಂದಕ್ಕೆ ಮೂರನೆಯ ಈಡು ಕೇಳಿತು.

ಆಮೇಲೆ ಯಾವ ಸದ್ದೂ ಇಲ್ಲ. ಹನ್ನೊಂದು ಹೆಚ್ಚಾಯಿತೋ ಸಾಕಾಯಿತೋ ಎಂದು ನಾವಿಬ್ಬರೂ ಹೆಂಗಸರು ಒಬ್ಬರನ್ನೊಬ್ಬರು ಕೇಳಿಕೊಳ್ಳದೆ ರೊಟ್ಟಿ ಸುಟ್ಟೆವು. ಮೊದಲ ನಾಲ್ಕು ಸೀದುಹೋದವು.

ಮಧ್ಯಾಹ್ನ ಮಾವ ಬಂದರು, ಜೊತೆಯಲ್ಲಿ ಹಮ್ಮಾದಿ, ಅವರ ಹಿಂದೆ ಅವರ ಕಂದು ನಾಯಿ. ಹಮ್ಮಾದಿ ಚಹಾಕ್ಕೂ ಕಾಯದೆ ನಿಂತೇ ಹೇಳಿದರು. ಮೊದಲೆರಡು ಈಡಿಗೆ ಒಂದು ಹಂದಿ ಬಿತ್ತು. ಹಿಂದಿದ್ದ ದೊಡ್ಡದು ಹೊಲದ ಕಡೆ ತಿರುಗಿತು. ಅದರ ಬೆನ್ನಿಗೇ ಈ ನಾಯಿ.

"ಅಷ್ಟರಲ್ಲೇ ಮತ್ತೆ ತುಂಬಿ, ಬಂದೂಕು ಮುಚ್ಚಿ ಭುಜಕ್ಕಿಟ್ಟಾಗಿತ್ತು ಇವನದು. ನನ್ ನಾಯಿ ಅಡ್ಡ ಇದೆ ಅಂತ ಕಾದ. ಶಾದ್ಲಿ ಆಗಿದ್ರೆ ಇಷ್ಟೊತ್ತಿಗೆ ನಾಯಿಗೆ ಗುಂಡಿ ತೋಡ್ತಿದ್ದೆ."

ದೊಡ್ಡದಕ್ಕೆ ತಗಲಲಿಲ್ಲ, ಮುಂದೆ ಮಣ್ಣು ಹಾರಿದ್ದಕ್ಕೆ ಹೆದರಿ ಕಾಡಿಗೇ ವಾಪಸಾಯಿತು. ಹೊಲಕ್ಕೆ ಒಂದೂ ಇಳಿಯಲಿಲ್ಲ. ಮುಂದಿನ ಭಾನುವಾರದ ಮಾತು ಬಂದಾಗ ಹಮ್ಮಾದಿ ಎಲ್ಲರ ಜಾಗ ಹೇಳಿದರು, ಶಾದ್ಲಿಗೆ ಆಚೆ ದಿಬ್ಬ ಎಂದರು. ಒರತೆಯ ಬಂಡೆಯ ಹೆಸರು ಬಂದಾಗ, ಮೊದಲಿನಂತೆ, ಏನೂ ಹೇಳದೆ ಮುಂದಕ್ಕೆ ಹೋದರು.

ಮಾವ ಚಾಪೆಯ ಮೇಲೆ ಕೂತರು. ಕಶಾಬಿ ನೆನೆದು ಭಾರವಾಗಿತ್ತು. ಹಮ್ಮಾದಿ ನೋಡುತ್ತಿದ್ದಂತೆಯೇ ಅವರು ಕೊರಳನ್ನು ನನ್ನ ಕಡೆ ಎತ್ತಿದರು.

"ಮಗಳೇ, ಈ ಗುಂಡಿ ಬಿಚ್ಚು. ನನ್ ಬೆರಳಲ್ಲಿ ಆಗಲ್ಲ."

ಬಿಚ್ಚಿದೆ. ಕಾರ್ಕಿನ ಎರಡು ತೂತುಗಳಲ್ಲಿ ಒಂದು ಖಾಲಿಯಾಗಿತ್ತು. ಇನ್ನೊಂದರಲ್ಲಿದ್ದ ತೋಟಾವನ್ನು ಮೇಲಿಂದ ಒತ್ತಿ ಅಂಗೈಗೆ ಬೀಳಿಸಿಕೊಂಡೆ, ಜೇಬಿನ ಮೂರನ್ನೂ ತೆಗೆದೆ, ನಾಲ್ಕನ್ನೂ ಬೀರುವಿನ ಮೇಲಿಟ್ಟು ಬಂದ ಮೇಲೆ ಯುಸ್ರಾಳನ್ನು ಅವರ ತೊಡೆಯ ಮೇಲೆ ಕೂರಿಸಿದೆ.