ರವಿವಾರದ ಕಷಾಯ

ವಸುಮತಿ ಟೀಚರು ಮೂವತ್ತೆರಡು ವರ್ಷ ಅಂಕೋಲೆಯ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವರು. ಮಾತು ಕಡ್ಡಿ ಮುರಿದ ಹಾಗೆ. ತಪ್ಪು ಕಂಡರೆ ತಿದ್ದಿಯೇ ಸೈ; ಮಕ್ಕಳದ್ದಾಗಲಿ, ಹೆಡ್‌ಮಾಸ್ತರರದ್ದಾಗಲಿ, ಗಂಡ ಸುಬ್ರಾಯ ಭಟ್ಟರದ್ದಾಗಲಿ. ನಿವೃತ್ತರಾಗಿ ಕಾರವಾರದ ಹಬ್ಬುವಾಡಕ್ಕೆ ಬಂದ ಮೇಲೂ ಆ ಚಟ ಹೋಗಲಿಲ್ಲ. ಇಂಥವರು ಒಂದು ತಪ್ಪನ್ನು ಎರಡು ವರ್ಷ ಕಣ್ಣಾರೆ ಕಂಡೂ ಬಾಯಿ ಬಿಡಲಿಲ್ಲ ಅಂದರೆ ಯಾರೂ ನಂಬಲಿಕ್ಕಿಲ್ಲ.

೨೦೦೪ರ ಮಳೆಗಾಲದಲ್ಲಿ ಮೆಟ್ಟಿಲ ಮೇಲೆ ಜಾರಿ ಕೈ ಊರಿದ್ದಷ್ಟೇ, ಮಣಿಕಟ್ಟು ಮುರಿಯಿತು. ಮುಟ್ಟು ನಿಂತ ಮೇಲೆ ಎಲುಬು ಸವೆದಿದೆ ಎಂದರು ಡಾಕ್ಟರ್ ವೈಜಯಂತಿ. ವಾರಕ್ಕೊಂದು ಗುಳಿಗೆ, ವರ್ಷಗಟ್ಟಲೆ. ಎದ್ದ ಕೂಡಲೇ, ಖಾಲಿ ಹೊಟ್ಟೆಗೆ, ಒಂದು ಲೋಟ ಬರೀ ನೀರಿನ ಜೊತೆ. ಆಮೇಲೆ ಅರ್ಧ ತಾಸು ಮಲಗುವಂತಿಲ್ಲ, ತಿನ್ನುವಂತಿಲ್ಲ, ಕುಡಿಯುವಂತಿಲ್ಲ. ವಸುಮತಿಗೆ ಅಮ್ಮನ ನೆನಪಾಯಿತು. ಸೊಂಟ ಮುರಿದುಕೊಂಡ ಅಮ್ಮ ಹದಿನಾಲ್ಕು ತಿಂಗಳು ಹಾಸಿಗೆಯಲ್ಲೇ ನರಳಿ ಹೋಗಿದ್ದಳು. ತನಗೆ ಹಾಗಾಗಬಾರದು, ಅಷ್ಟೇ.

ಕೈಗೆ ಪ್ಲಾಸ್ಟರ್ ಬಿದ್ದ ವಾರ ಸುಬ್ರಾಯ ಭಟ್ಟರು ಜನ್ಮದಲ್ಲಿ ಮೊದಲ ಸಲ ಒಲೆ ಹಚ್ಚಿದರು. ರವಿವಾರ ಬೆಳಗ್ಗೆ ಹಾಲು ಬೆಲ್ಲ ಹಾಕಿದ ಜೀರಿಗೆ ಕಷಾಯ ತಂದರು, ಪಕ್ಕದ ಬಟ್ಟಲಲ್ಲಿ ಗುಳಿಗೆ. ಕಷಾಯ ಕುಡಿದರೆ ಹೊಟ್ಟೆ ಖಾಲಿ ಉಳಿಯಲಿಲ್ಲವೆಂದು ನಮ್ಮ ಕಡೆ ಯಾರೂ ಎಣಿಸುವುದಿಲ್ಲ ಬಿಡಿ. ವಸುಮತಿ ತಿದ್ದಲು ಬಾಯಿ ತೆರೆದರು. ಅಷ್ಟರಲ್ಲಿ ಗಂಡನ ಬೆರಳ ಮೇಲೆ ಸುಟ್ಟ ಬೊಬ್ಬೆ ಕಂಡಿತು. ಸುಮ್ಮನೆ ಕಷಾಯದ ಜೊತೆಗೇ ಗುಳಿಗೆ ನುಂಗಿದರು. ಮುಂದಿನ ವಾರ ಹೇಳಿದರಾಯಿತು ಅಂದುಕೊಂಡರು. ಪ್ಲಾಸ್ಟರ್ ಬಿಚ್ಚಿದರೂ ರವಿವಾರದ ಕಷಾಯ ನಿಲ್ಲಲಿಲ್ಲ. ಹೇಳುವ ಆ ಮುಂದಿನ ವಾರ ಬರಲೇ ಇಲ್ಲ. ಒಂದು ಲೋಟ ಹಾಲಿಗೆ ಔಷಧ ಎಷ್ಟು ಮಹಾ ಕೆಟ್ಟೀತು ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ.

೨೦೦೬ರಲ್ಲಿ ಗೋವಾಕ್ಕೆ ಹೋಗಿ ಎಲುಬಿನ ಸ್ಕ್ಯಾನ್ ಮಾಡಿಸಿಕೊಂಡು ಬಂದರು. ವರದಿ ನೋಡಿ ವೈಜಯಂತಿಯವರ ಹುಬ್ಬು ಗಂಟಿಕ್ಕಿತು. ಎಲುಬು ಇನ್ನಷ್ಟು ತೆಳುವಾಗಿತ್ತು.

"ಗುಳಿಗೆ ತಪ್ಪಿಸಿದ್ರಾ ಟೀಚರ್?"

ಭಟ್ಟರೇ ಎದೆಯುಬ್ಬಿಸಿ ಹೇಳಿದರು, "ಒಂದು ವಾರನೂ ಇಲ್ಲ ಡಾಕ್ಟ್ರೇ. ನಾನೇ ಕಷಾಯ ಮಾಡಿ, ಅದ್ರ ಜೊತೆಗೆ ಕೊಡ್ತೆ."

"ಹಾಲು ಹಾಕಿ?"

"ಹಾಲು ಹಾಕದೇ ಎಂತಾ ಕಷಾಯ!"

ವೈಜಯಂತಿ ಪೆನ್ನು ಕೆಳಗಿಟ್ಟರು. ಹಾಲು ಈ ಔಷಧವನ್ನು ಮೈಗೆ ಹತ್ತಲು ಬಿಡುವುದಿಲ್ಲ, ಎರಡು ವರ್ಷದ ಗುಳಿಗೆ ನೀರಿನಲ್ಲಿ ಹೋಮ ಮಾಡಿದ ಹಾಗಾಯಿತು ಎಂದರು. ಭಟ್ಟರ ಮುಖ ಕಪ್ಪಿಟ್ಟಿತು. ವಸುಮತಿಗೆ ಅದನ್ನು ನೋಡಲಾಗಲಿಲ್ಲ.

"ಅವ್ರದ್ದು ತಪ್ಪಿಲ್ಲ. ನಂಗೆ ಗೊತ್ತಿತ್ತು," ಎಂದುಬಿಟ್ಟರು.

ಮೊದಲಿನಿಂದ ಶುರು ಮಾಡಿ, ಬರೀ ನೀರು, ವರ್ಷ ಬಿಟ್ಟು ನೋಡೋಣ ಎಂದು ಡಾಕ್ಟರು ಕಳಿಸಿದರು. ಮನೆ ಮುಟ್ಟಿ ಚಪ್ಪಲಿ ಬಿಡುವಾಗ ಭಟ್ಟರು ಕೇಳಿದರು, "ನನ್ನ ಎಲ್ಲಾ ತಪ್ಪೂ ನೀ ತಿದ್ದಿದೆ. ಇದೊಂದು ಎಂತಕ್ಕೆ ಹೇಳಿದ್ದಿಲ್ಲೆ?"

"ಮೂವತ್ತೆಂಟು ವರ್ಷದಲ್ಲಿ ನೀವು ನಂಗೆ ಮಾಡಿ ಕೊಟ್ಟಿದ್ದು ಆ ಕಷಾಯ ಒಂದೇ ಅಲ್ದಾ," ಎಂದರು ವಸುಮತಿ.

ಭಟ್ಟರು ಬಾಗಿಲ ಚೌಕಟ್ಟು ಹಿಡಿದುಕೊಂಡರು. ಸಿಟ್ಟೂ ಅಳುವೂ ಒಟ್ಟಿಗೇ ಬಂತು.

"ನಿನ್ನ ಅಮ್ಮನ ಹಾಂಗೆ ನೀನೂ ಹೋಗಿಬಿಟ್ಟಿದ್ರೆ, ನಾ ಅದನ್ನ ಯಾರಿಗೆ ಮಾಡಿ ಕೊಡವು?"